ಓಡಿಸಿದರೆ ಪೆಟ್ಟು, ನಿಲ್ಲಿಸಿದರೆ ತುಕ್ಕು: ನೂರಾರು ಕೋಟಿಯ ರೇಸ್ ಕಾರುಗಳ ಇಕ್ಕಟ್ಟು

2022ರ ಮೇ 15. ಮೊನಾಕೊ ನಗರದ ಬೀದಿಗಳಲ್ಲಿ ಹಳೆಯ ಗ್ರ್ಯಾನ್ ಪ್ರಿ ಕಾರುಗಳ ಉತ್ಸವ ನಡೆದಿತ್ತು. ಅದೇ ಊರಿನಲ್ಲಿ ಹುಟ್ಟಿ ಬೆಳೆದ, ಆಗ ಫೆರಾರಿ ತಂಡದ ಫಾರ್ಮುಲಾ ಒನ್ ಚಾಲಕನಾಗಿದ್ದ ಶಾರ್ಲ್ ಲೆಕ್ಲೆರ್ ಪ್ರದರ್ಶನದ ಓಟಕ್ಕೆಂದು ಏರಿ ಕುಳಿತದ್ದು 1974ರ ಫೆರಾರಿ 312ಬಿ3 ಕಾರನ್ನು. ಅದು ನಿಕಿ ಲೌಡಾ ಓಡಿಸಿದ್ದ ಕಾರು. ಲೌಡಾ ತಮ್ಮ ಮೊದಲ ಗ್ರ್ಯಾನ್ ಪ್ರಿ ಗೆಲುವು ಕಂಡದ್ದು ಇದೇ ಮಾದರಿಯಲ್ಲಿ. ರಾಸ್ಕಾಸ್ ತಿರುವನ್ನು ಸಮೀಪಿಸಿ ಬ್ರೇಕ್ ಅದುಮಿದಾಗ ಬ್ರೇಕ್ ಕೈಕೊಟ್ಟಿತು. ಕಾರು ಗಿರಕಿ ಹೊಡೆದು ಹಿಂಬದಿಯಿಂದ ತಡೆಗೋಡೆಗೆ ಬಡಿಯಿತು. ಚಾಲಕನಿಗೆ ಏನೂ ಆಗಲಿಲ್ಲ. ಕಾರಿನ ಹಿಂಬದಿಯ ರೆಕ್ಕೆ ಜಖಂಗೊಂಡಿತು. ಆ ದೃಶ್ಯ ಕೆಲವೇ ನಿಮಿಷಗಳಲ್ಲಿ ಜಗತ್ತಿನ ಉದ್ದಗಲಕ್ಕೂ ಹರಡಿತು.

ಇದೇನೂ ಮೊದಲ ಸಲವಲ್ಲ. ಹಿಂದಿನ ವರ್ಷ, 2021ರ ಏಪ್ರಿಲ್‌ನಲ್ಲಿ, ಅದೇ ಮೊನಾಕೊ ಉತ್ಸವದಲ್ಲಿ ಅದೇ ಮಾದರಿಯ ಫೆರಾರಿಯಲ್ಲಿ ಮುಂಚೂಣಿಯಲ್ಲಿದ್ದ ಫ್ರಾನ್ಸಿನ ಮಾಜಿ ಚಾಲಕ ಜಾನ್ ಅಲೆಸಿ, ಹಿಂದಿನಿಂದ ಬಂದ 1976ರ ಲೋಟಸ್ 77 ತಗುಲಿ ಗೋಡೆಗೆ ಬಡಿದಿದ್ದರು. ಅಲ್ಲಿ ನಡೆದದ್ದು ಪ್ರದರ್ಶನವಲ್ಲ, ನಿಜವಾದ ಸ್ಪರ್ಧೆ. ತಗುಲಿಸಿದ ಚಾಲಕನಿಗೆ ದಂಡನೆಯಾಯಿತು, ಗೆಲುವು ಮೂರನೆಯವನ ಪಾಲಾಯಿತು. ಐವತ್ತು ವರ್ಷ ವಯಸ್ಸಿನ, ಮತ್ತೆಂದೂ ತಯಾರಾಗದ ಯಂತ್ರಗಳು ಹೀಗೆ ಬೀದಿಯಲ್ಲಿ ಪರಸ್ಪರ ಢಿಕ್ಕಿ ಹೊಡೆಯುವುದನ್ನು ನೋಡಿದವರಿಗೆ ಏಳುವ ಪ್ರಶ್ನೆ ಸಹಜವಾದದ್ದೇ: ಇವನ್ನು ಓಡಿಸಬೇಕೆ? ಓಡಿಸದಿದ್ದರೆ ಇವು ಮತ್ತೇತಕ್ಕೆ?

ಶ್ರೀಮಂತರ ಆಟದ ವಸ್ತುಗಳ ಬಗ್ಗೆ ನಮಗೇಕೆ ಚಿಂತೆ ಎಂದು ಓದುಗರು ಕೇಳಬಹುದು. ಆದರೆ ಇದರ ಒಳಗೆ ಅಡಗಿರುವ ಪ್ರಶ್ನೆ ಹಳೆಯ ವಸ್ತುವನ್ನು ಉಳಿಸಿಕೊಳ್ಳುವುದೆಂದರೇನು ಎಂಬುದು. ಅದು ದೇವಾಲಯದ ಜೀರ್ಣೋದ್ಧಾರದಿಂದ ಹಿಡಿದು ಅಜ್ಜನ ಕಾಲದ ತೊಟ್ಟಿಮನೆಯವರೆಗೆ ನಮ್ಮನ್ನೂ ಕಾಡುವಂಥದ್ದು.

ಗುಜರಿಯಿಂದ ಹರಾಜು ಕಟ್ಟೆಗೆ

ರೇಸ್ ಕಾರು ಎಂಬುದು ಮೂಲತಃ ಬಳಸಿ ಬಿಸಾಡುವ ವಸ್ತು. ಒಂದು ಋತುವಿನಲ್ಲಿ ಗೆಲ್ಲುವುದಕ್ಕಾಗಿ ಕಟ್ಟಿದ ಕಾರು ಮರುವರ್ಷ ಹಳತು. ತಂಡಗಳು ಅದನ್ನು ಬಿಚ್ಚಿ ಬಿಡಿಭಾಗಗಳನ್ನು ಬೇರೆ ಕಾರಿಗೆ ಹಾಕುತ್ತಿದ್ದವು, ಇಲ್ಲವೇ ಸಿಕ್ಕ ಬೆಲೆಗೆ ಮಾರುತ್ತಿದ್ದವು.

ಫೆರಾರಿ 250 ಜಿಟಿಒ ಇದಕ್ಕೆ ತಕ್ಕ ಉದಾಹರಣೆ. 1962ರಿಂದ 1964ರ ನಡುವೆ ಮೂರು ಲೀಟರಿನ ವಿ12 ಎಂಜಿನ್ ಹೊತ್ತು ತಯಾರಾದದ್ದು 36 ಕಾರುಗಳು ಮಾತ್ರ. ಹೊಸದರಲ್ಲಿ ಅದರ ಬೆಲೆ ಸುಮಾರು 18 ಸಾವಿರ ಡಾಲರ್. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಯಾರಿಗೂ ಬೇಡವಾಗಿತ್ತು. ಅವುಗಳಲ್ಲಿ ಒಂದು ಅಮೆರಿಕದ ಟೆಕ್ಸಾಸ್ ರಾಜ್ಯದ ವಿಕ್ಟೋರಿಯಾ ಎಂಬ ಊರಿನ ಪ್ರೌಢಶಾಲೆಗೆ ದಾನವಾಗಿ ಸೇರಿತ್ತು. ಶಾಲೆ ಅದನ್ನು 1972ರಲ್ಲಿ 6,500 ಡಾಲರಿಗೆ ಮಾರಿತು. ಕೊಂಡವರು ಒಹಾಯೊದ ಹೊಲವೊಂದರಲ್ಲಿ ಟ್ರೇಲರಿನ ಮೇಲೆ ಅದನ್ನು ವರ್ಷಾನುಗಟ್ಟಲೆ ಬಿಸಿಲು ಮಳೆಗೆ ಒಡ್ಡಿ ನಿಲ್ಲಿಸಿದ್ದರು. ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ ವಾದಕ ನಿಕ್ ಮೇಸನ್ 1970ರ ದಶಕದ ಕೊನೆಯ ಭಾಗದಲ್ಲಿ ಇಂಥದೇ ಕಾರೊಂದನ್ನು 40 ಸಾವಿರ ಪೌಂಡಿಗೂ ಕಡಿಮೆ ಬೆಲೆಗೆ ಕೊಂಡಾಗ ಅದೇ ದುಬಾರಿ ಎಂದು ಹುಬ್ಬೇರಿಸಿದವರಿದ್ದರು.

ಈಗಿನ ಲೆಕ್ಕ ಬೇರೆ. 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದು ಜಿಟಿಒ 4.84 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ವಿನಿಮಯ ದರದಲ್ಲಿ ಸುಮಾರು 340 ಕೋಟಿ ರೂಪಾಯಿ. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಂದು 5.17 ಕೋಟಿ ಡಾಲರ್ ತಂದಿತು. ಇವೆರಡನ್ನೂ ಬದಿಗೆ ಸರಿಸಿದ್ದು 2022ರ ಮೇ 5ರಂದು ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್ ಸಂಗ್ರಹಾಲಯದಲ್ಲಿ ಸದ್ದಿಲ್ಲದೆ ನಡೆದ ಹರಾಜು. 1955ರ 300 ಎಸ್‌ಎಲ್‌ಆರ್ ಊಲೆನ್‌ಹಾಟ್ ಕೂಪೆ ಅಂದು 13.5 ಕೋಟಿ ಯೂರೋಗೆ, ಎಂದರೆ ಸುಮಾರು 1,100 ಕೋಟಿ ರೂಪಾಯಿಗೆ ಹೋಯಿತು. ಆ ವರ್ಷ ಲ ಮಾನ್‌ನಲ್ಲಿ 80ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ದುರಂತದ ನಂತರ ಮರ್ಸಿಡಿಸ್ ರೇಸಿನಿಂದಲೇ ಹಿಂದೆ ಸರಿದದ್ದರಿಂದ, ಈ ಕೂಪೆ ಸ್ಪರ್ಧೆಯೊಂದರಲ್ಲಿ ಓಡಿದ್ದೇ ಇಲ್ಲ. ಜಗತ್ತಿನ ಅತಿ ದುಬಾರಿ ರೇಸ್ ಕಾರು ರೇಸ್ ಕಾಣದ ಕಾರು ಎಂಬುದು ಸೋಜಿಗವೇ ಸರಿ.

2025ರ ಫೆಬ್ರುವರಿಯಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇ ಸಂಗ್ರಹಾಲಯ ತನ್ನ ಭಂಡಾರದಿಂದ ಎರಡು ಅಮೂಲ್ಯ ಕಾರುಗಳನ್ನು ಹೊರತೆಗೆದು ಮಾರಿತು. ಹುವಾನ್ ಮಾನುಯೆಲ್ ಫ್ಯಾಂಜಿಯೊ ಹಾಗೂ ಸ್ಟರ್ಲಿಂಗ್ ಮಾಸ್ ಓಡಿಸಿದ್ದ ಮರ್ಸಿಡಿಸ್ ಡಬ್ಲ್ಯು196 ಆರ್ 5.1 ಕೋಟಿ ಯೂರೋಗೂ ಹೆಚ್ಚಿನ ಬೆಲೆ ಪಡೆಯಿತು. 1965ರ ಲ ಮಾನ್ ಗೆದ್ದಿದ್ದ ಫೆರಾರಿ 250 ಎಲ್‌ಎಂ ಸುಮಾರು 3.5 ಕೋಟಿ ಯೂರೋಗೆ ಹೋಯಿತು. ದಶಕಗಳ ಕಾಲ ಸಾರ್ವಜನಿಕರ ಕಣ್ಣೆದುರು ಇದ್ದವು ಖಾಸಗಿ ಕೈ ಸೇರಿದವು. ಕೊಂಡವರು ಅವನ್ನು ಓಡಿಸುವರೇ, ಓಡಿಸಿ ಮುರಿಯುವರೇ, ಇಲ್ಲ ಹವಾನಿಯಂತ್ರಿತ ಕೋಣೆಯಲ್ಲಿ ಬೀಗ ಹಾಕಿಡುವರೇ ಎಂದು ಕೇಳುವ ಅಧಿಕಾರ ಇನ್ನು ಯಾರಿಗೂ ಇಲ್ಲ.

ನಿಂತ ಯಂತ್ರದ ಕಾಯಿಲೆಗಳು

ಓಡಿಸಬೇಕೆನ್ನುವವರ ವಾದವನ್ನು ಬರಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಯಂತ್ರ ನಿಂತರೆ ಕೆಡುತ್ತದೆ. ಟ್ಯಾಂಕಿನ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಬೇರಿಂಗುಗಳ ಮೇಲಿನ ಎಣ್ಣೆಯ ಪದರ ಇಳಿದುಹೋಗುತ್ತದೆ. ಉಕ್ಕಿನ ಕೊಳವೆಗಳ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ. ಇದು ಆಧುನಿಕ ಕಾರಿಗೂ ಅನ್ವಯಿಸುವ ಮಾತು; ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳ ಪಾಡು ಬಹಳ ಜನರಿಗೆ ನೆನಪಿರಬಹುದು.

ಇನ್ನೊಂದು ವಾದವೂ ಇದೆ. ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ಅದರ ಪೂರ್ಣಾರ್ಥ ಅಲ್ಲಿಯೇ ಇದೆ. ವೀಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಉಳಿಯುವುದು ಮರ ಮತ್ತು ತಂತಿ. ಹನ್ನೆರಡು ಸಿಲಿಂಡರಿನ ಎಂಜಿನ್ ಏಳು ಸಾವಿರ ಸುತ್ತು ದಾಟಿದಾಗ ಹೊಮ್ಮುವ ನಾದ, ಸುಟ್ಟ ಎಣ್ಣೆಯ ವಾಸನೆ, ತಿರುವಿನಲ್ಲಿ ಸಪೂರ ಟೈರುಗಳು ಜಾರುವ ರೀತಿ ಇವೆಲ್ಲ ಸೇರಿಯೇ ಆ ವಸ್ತು ಎಂದು ಅವರ ನಿಲುವು. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1998ರಿಂದ ನಡೆಯುತ್ತಿರುವ ರಿವೈವಲ್, ಮೊನಾಕೊದಲ್ಲಿ 1997ರಲ್ಲಿ ಆರಂಭವಾದ ಹಿಸ್ಟಾರಿಕ್ ಗ್ರ್ಯಾನ್ ಪ್ರಿ, 2002ರಲ್ಲಿ ಆರಂಭವಾದ ಲ ಮಾನ್ ಕ್ಲಾಸಿಕ್ ಈ ನಂಬಿಕೆಯ ಮೇಲೆಯೇ ನಿಂತಿವೆ. ಅಲ್ಲಿಗೆ ಬರುವ ಸಾವಿರಾರು ಸಾಮಾನ್ಯ ಪ್ರೇಕ್ಷಕರು ಟಿಕೆಟ್ ಕೊಂಡು ಈ ಯಂತ್ರಗಳನ್ನು ಹತ್ತಿರದಿಂದ ಕಾಣುತ್ತಾರೆ.

ಆದರೆ ಎಂಜಿನ್ ಬೆಚ್ಚಗಾಗಲೆಂದು ತಿಂಗಳಿಗೊಮ್ಮೆ ಹತ್ತು ಕಿಲೋಮೀಟರ್ ಓಡಿಸುವುದು ಒಂದು, ಇಪ್ಪತ್ತು ಕಾರುಗಳ ನಡುವೆ ಮೊದಲ ತಿರುವಿಗೆ ನುಗ್ಗುವುದು ಇನ್ನೊಂದು. ಮೊದಲನೆಯದರ ಸಮರ್ಥನೆಯನ್ನು ಎರಡನೆಯದಕ್ಕೆ ಹೊದಿಸುವ ಚಾಳಿ ಈ ವಲಯದಲ್ಲಿ ಧಾರಾಳವಾಗಿದೆ. ರಬ್ಬರ್ ಸೀಲು ಒಣಗದಿರಲು ಯಾರೂ ರೇಸಿಗೆ ಇಳಿಯಬೇಕಿಲ್ಲ.

ಮುರಿದವರು ಯಾರು, ತೆತ್ತವರು ಯಾರು?

ಬಹುಪಾಲು ಸಂದರ್ಭಗಳಲ್ಲಿ ಚಕ್ರದ ಹಿಂದೆ ಕೂರುವವರು ಮಾಲೀಕರಲ್ಲ. ವಯಸ್ಸಾದ ಮಾಲೀಕರು ಹೆಸರಾಂತ ಚಾಲಕರಿಗೋ ಪತ್ರಕರ್ತರಿಗೋ ಕಾರನ್ನು ಒಪ್ಪಿಸುತ್ತಾರೆ. ಸಾಮಾನ್ಯ ವಿಮೆಯಲ್ಲಿ ರೇಸಿನ ಹಾನಿ ಸೇರುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ವಿಮೆ ಮಾಡಿಸಿದರೂ ಎಂಜಿನ್ ಒಳಗೆ ಮುರಿದರೆ ಅದು ಅಪಘಾತವಲ್ಲ ಎಂದು ಕಂಪೆನಿಗಳು ಕೈ ತೊಳೆದುಕೊಳ್ಳುತ್ತವೆ. ಹೀಗಾಗಿ ಇಲ್ಲಿ ನಡೆಯುತ್ತಿದ್ದುದು ಬಾಯಿಮಾತಿನ ಧರ್ಮ: ಬಗ್ಗಿಸಿದವನೇ ನೆಟ್ಟಗೆ ಮಾಡಿಸಿಕೊಡಬೇಕು.

ಈ ಬಾಯಿಮಾತು ಎಷ್ಟು ದುಬಾರಿಯಾಗಬಹುದು ಎಂಬುದನ್ನು ಇಂಗ್ಲೆಂಡಿನ ಹೈಕೋರ್ಟ್ 2013ರ ಜನವರಿಯಲ್ಲಿ ತೋರಿಸಿಕೊಟ್ಟಿತು. ಹಳೆಯ ಚಾಲಕ ಡೇವಿಡ್ ಪೈಪರ್ ಅವರ ಪೋರ್ಷೆ 917 ಮಾದರಿಯ ರೇಸ್ ಕಾರನ್ನು ಪತ್ರಿಕೆಯ ಪರೀಕ್ಷಾ ಚಾಲನೆಗೆಂದು ಮೋಟಾರು ಪತ್ರಕರ್ತರೊಬ್ಬರು 2009ರಲ್ಲಿ ಪಡೆದಿದ್ದರು. (1970ರಲ್ಲಿ ‘ಲ ಮಾನ್’ ಚಲನಚಿತ್ರದ ಚಿತ್ರೀಕರಣದ ವೇಳೆ ಇಂಥದೇ ಕಾರಿನ ಅಪಘಾತದಲ್ಲಿ ಕಾಲಿನ ಭಾಗವನ್ನೇ ಕಳೆದುಕೊಂಡವರು ಈ ಪೈಪರ್.) ಓಟದ ನಡುವೆ ಎಂಜಿನ್ ಮಿತಿಮೀರಿದ ವೇಗದಲ್ಲಿ ಸುತ್ತಿ ಕೆಟ್ಟಿತು. ಗೇರ್ ತಾನಾಗಿಯೇ ಕಳಚಿಕೊಂಡಿತು, ದೋಷ ಕಾರಿನದು ಎಂದು ಪತ್ರಕರ್ತರ ವಾದ. ಗೇರ್ ಹಾಕುವಲ್ಲಿ ತಪ್ಪಿದ್ದು ಚಾಲಕ ಎಂದು ಮಾಲೀಕರ ವಾದ. ನ್ಯಾಯಾಲಯ ಮಾಲೀಕರ ಮಾತನ್ನು ಒಪ್ಪಿತು. ಎಂಜಿನ್ ದುರಸ್ತಿಯ ಸುಮಾರು 48 ಸಾವಿರ ಪೌಂಡ್, ಎಂದರೆ ಆಗಿನ ದರದಲ್ಲಿ 40 ಲಕ್ಷ ರೂಪಾಯಿಗೂ ಮೀರಿದ ಮೊತ್ತ, ಪತ್ರಕರ್ತರ ತಲೆಗೆ ಬಂತು. ನ್ಯಾಯಾಲಯದ ವೆಚ್ಚವೂ ಸೇರಿ ಅದು ಒಂದು ಲಕ್ಷ ಪೌಂಡನ್ನು ದಾಟಿತು. ಬರೆದು ಬದುಕುವ ಮನುಷ್ಯನೊಬ್ಬನಿಗೆ ಅದು ಮನೆ ಮಾರುವ ಹೊರೆ.

ತೀರ್ಪಿನ ಬಳಿಕ ಈ ವಲಯದಲ್ಲಿ ಎಲ್ಲರೂ ಕಾಗದ ಪತ್ರದ ಮಾತಾಡತೊಡಗಿದರು. ಯಾರು ಏನು ತೆರಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಸ್ನೇಹದ ಹೆಸರಿನಲ್ಲಿ ಬರೆಯದೆ ಬಿಟ್ಟದ್ದೇ ಕೊನೆಗೆ ಸ್ನೇಹವನ್ನು ನುಂಗಿಹಾಕಿದ ಉದಾಹರಣೆಗಳು ನಮ್ಮ ಜಮೀನು ವ್ಯಾಜ್ಯಗಳಲ್ಲಿ ಬೇಕಾದಷ್ಟಿವೆ.

ಟಿಂಕರಿಂಗ್ ಅಲ್ಲ, ಶಸ್ತ್ರಚಿಕಿತ್ಸೆ

ಜಖಂಗೊಂಡ ಕಾರನ್ನು ಮತ್ತೆ ಎಬ್ಬಿಸುವ ಕೆಲಸವನ್ನು ನಮ್ಮ ಗ್ಯಾರೇಜುಗಳ ಟಿಂಕರಿಂಗ್‌ಗೆ ಹೋಲಿಸಿ ನೋಡಿದರೆ ಅದರ ಸೂಕ್ಷ್ಮ ತಿಳಿಯುತ್ತದೆ. ಜಿಟಿಒ ಕಾರುಗಳ ಅಲ್ಯೂಮಿನಿಯಂ ಮೈಯನ್ನು ಮೊಡೆನಾದ ಸ್ಕಾಲಿಯೆಟ್ಟಿ ಕಾರ್ಯಾಗಾರದಲ್ಲಿ ಕುಶಲಕರ್ಮಿಗಳು ಸುತ್ತಿಗೆಯಿಂದ ಬಡಿದು ರೂಪಿಸಿದ್ದರು. ಹೀಗಾಗಿ ಒಂದು ಕಾರು ಇನ್ನೊಂದರಂತಿಲ್ಲ; ಒಂದೇ ಕಾರಿನ ಎಡ ಬದಿ ಬಲ ಬದಿಯನ್ನು ಹೋಲುವುದಿಲ್ಲ. ಬಲಗಡೆಯ ಮಡ್‌ಗಾರ್ಡ್ ಜಜ್ಜಿಹೋದರೆ ಎಡಗಡೆಯದನ್ನು ಅಳೆದು ಅದರ ಪ್ರತಿಬಿಂಬ ಮಾಡಿಬಿಡೋಣ ಎನ್ನುವಂತಿಲ್ಲ. ಹಳೆಯ ಛಾಯಾಚಿತ್ರಗಳನ್ನು ಹಿಡಿದುಕೊಂಡು, ಸುತ್ತಿಗೆಯ ಗುರುತುಗಳ ಸಾಲನ್ನೇ ಓದಿಕೊಂಡು ಕೆಲಸ ಮಾಡಬೇಕು. ಯಂತ್ರದಲ್ಲಿ ಒತ್ತಿದಂತೆ ನುಣುಪಾಗಿ ಸಮನಾಗಿ ಮಾಡಿದರೆ ಅದು ಸುಳ್ಳಾಗುತ್ತದೆ.

ಮೈಗಿಂತ ಅಪಾಯಕಾರಿಯಾದದ್ದು ಒಳಗಿನ ಲೋಹ. ಆ ಕಾಲದಲ್ಲಿ ತೂಕ ಇಳಿಸಲೆಂದು ಚಕ್ರಗಳನ್ನೂ ಗೇರ್‌ಬಾಕ್ಸ್ ಕವಚಗಳನ್ನೂ ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಅದು ವರ್ಷಗಳು ಕಳೆದಂತೆ ಸವೆದು, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಹೀಗಾಗಿ ಬಣ್ಣದ ದ್ರವವನ್ನು ಸವರಿ ಒರೆಸಿ ಬಿರುಕು ಹುಡುಕುವುದು, ಎಕ್ಸ್‌ರೇ ಹಿಡಿಯುವುದು ಈಗ ಪ್ರತಿ ಋತುವಿನ ಕೆಲಸ. ಕೆಟ್ಟ ಭಾಗವನ್ನು ಲೇಸರ್ ಕಿರಣದಿಂದ ಅಳೆದು, ಮೂರು ಆಯಾಮದ ಮುದ್ರಣ ಯಂತ್ರದಲ್ಲಿ ಅಚ್ಚು ತೆಗೆದು ಹೊಸ ಎರಕ ಹೊಯ್ಯಬಹುದು. ಹೊಸದು ಹಳೆಯದಕ್ಕಿಂತ ಗಟ್ಟಿಯೂ ಹೌದು.

ಇಲ್ಲಿಯೇ ಸಿಕ್ಕು. ಹೊಸ ಚಕ್ರ ಹಾಕಿದರೆ ಚಾಲಕನ ಜೀವ ಸುರಕ್ಷಿತ, ಕಾರಿನ ಮೂಲತನ ಒಂದು ಅಂಶ ಕಡಿಮೆ. ಬ್ರೇಕ್ ಡಿಸ್ಕ್, ಪಿಸ್ಟನ್, ಕ್ರ್ಯಾಂಕ್ ದಂಡ, ಕೊನೆಗೆ ಎಂಜಿನ್ ಬ್ಲಾಕ್ ಎಂದು ಒಂದೊಂದೇ ಬದಲಾಗುತ್ತ ಹೋಗುತ್ತವೆ. ಕೆಲವು ಮಾಲೀಕರು ಮೂಲ ಎಂಜಿನ್ನನ್ನು ಕಳಚಿ ಮನೆಯಲ್ಲಿಟ್ಟು, ಹೊಸದಾಗಿ ತಯಾರಿಸಿದ ಎಂಜಿನ್ ಕೂರಿಸಿ ರೇಸಿಗೆ ಕಳುಹಿಸುತ್ತಾರೆ. ಜಾತ್ರೆಗೆ ಉತ್ಸವಮೂರ್ತಿ ಹೊರಡುತ್ತದೆ, ಮೂಲವಿಗ್ರಹ ಗರ್ಭಗುಡಿಯಲ್ಲೇ ಇರುತ್ತದೆ ಎಂಬುದನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ.

ನ್ಯಾಯಾಲಯ ಕಂಡ ‘ಓಲ್ಡ್ ನಂಬರ್ ಒನ್’

ಎಷ್ಟು ಬದಲಾದರೂ ಅದು ಅದೇ ಕಾರೇ? ಈ ಪ್ರಶ್ನೆಯನ್ನು ತಾತ್ವಿಕರಿಗೆ ಬಿಡದೆ ನ್ಯಾಯಾಧೀಶರೊಬ್ಬರು ತೀರ್ಮಾನಿಸಬೇಕಾಗಿ ಬಂದದ್ದು 1990ರಲ್ಲಿ, ಲಂಡನ್ನಿನಲ್ಲಿ.

ಬೆಂಟ್ಲಿ ಸ್ಪೀಡ್ ಸಿಕ್ಸ್ ಮಾದರಿಯ ‘ಓಲ್ಡ್ ನಂಬರ್ ಒನ್’ ಎಂಬ ಕಾರು 1929 ಮತ್ತು 1930ರಲ್ಲಿ ಸತತವಾಗಿ ಲ ಮಾನ್‌ನ 24 ಗಂಟೆಗಳ ಓಟ ಗೆದ್ದಿತ್ತು. ಎರಡು ಬಾರಿಯೂ ಚಾಲಕರಲ್ಲಿ ಒಬ್ಬರು ವುಲ್ಫ್ ಬರ್ನಾಟೊ. ಆ ಬಳಿಕ ಕಾರಿಗೆ ಮೇಲಿಂದ ಮೇಲೆ ಬದಲಾವಣೆಗಳಾದವು. ಚಾಸಿ ಬದಲಾಯಿತು, ಎಂಟು ಲೀಟರಿನ ದೊಡ್ಡ ಎಂಜಿನ್ ಬಂತು. 1932ರ ಸೆಪ್ಟೆಂಬರ್‌ನಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಇಳಿಜಾರು ಗೋಡೆಯನ್ನು ದಾಟಿ ಹಾರಿಬಿದ್ದು ಚಾಲಕ ಕ್ಲೈವ್ ಡನ್‌ಫೀ ಮೃತಪಟ್ಟರು. ಕಾರನ್ನು ಮತ್ತೆ ಕಟ್ಟಿ, ಹೊಸ ಮೈ ತೊಡಿಸಿ, ರಸ್ತೆಗೆ ಇಳಿಸಲಾಯಿತು. ಅರ್ಧ ಶತಮಾನದ ತರುವಾಯ ಕಂಪೆನಿಯೊಂದು ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿ, ಆಮೇಲೆ ಇದು ನಿಜವಾದ ‘ಓಲ್ಡ್ ನಂಬರ್ ಒನ್’ ಅಲ್ಲ ಎಂದು ಹಿಂದೆ ಸರಿಯಿತು. ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು.

1929ರಲ್ಲಿ ಓಟ ಗೆದ್ದ ಕಾರಿನ ಭಾಗಗಳು ಇದರಲ್ಲಿ ಹೆಚ್ಚೇನೂ ಉಳಿದಿಲ್ಲ ಎಂಬುದನ್ನು ನ್ಯಾಯಮೂರ್ತಿ ಆಟನ್ ಒಪ್ಪಿಕೊಂಡರು. ಆದರೂ ತೀರ್ಪು ಮಾಲೀಕರ ಕಡೆಗೆ ಹೋಯಿತು. ರೇಸ್ ಕಾರು ಬದಲಾಗುವುದು ಅದರ ಸ್ವಭಾವ. ಈ ಕಾರಿನ ಅಸ್ತಿತ್ವ ಎಲ್ಲಿಯೂ ತುಂಡಾಗಿಲ್ಲ. ಈ ಹೆಸರಿಗೆ ಹಕ್ಕು ಸಾಧಿಸಬಲ್ಲ ಬೇರೆ ಕಾರು ಲೋಕದಲ್ಲಿಲ್ಲ. ಆದ್ದರಿಂದ ಇದು ಮೂಲರೂಪದ ಕಾರಲ್ಲವಾದರೂ ಅಧಿಕೃತವಾದ ‘ಓಲ್ಡ್ ನಂಬರ್ ಒನ್’ ಹೌದು ಎಂಬುದು ತೀರ್ಪಿನ ಸಾರ. ನಮ್ಮೂರ ತೇರನ್ನು ನೆನೆದರೆ ಈ ತರ್ಕ ಥಟ್ಟನೆ ಹೊಳೆಯುತ್ತದೆ. ಗಾಲಿ ಹೊಸದು, ಅಚ್ಚು ಹೊಸದು, ಹಗ್ಗವಂತೂ ಕೆಲವು ವರ್ಷಕ್ಕೊಮ್ಮೆ ಹೊಸದು. ತೇರು ಮಾತ್ರ ಅದೇ.

ಇಷ್ಟಾದರೂ ತೀರ್ಪಿನಲ್ಲಿ ಒಂದು ಬಿರುಕಿದೆ ಎಂದು ಈ ಲೇಖಕನಿಗೆ ಅನ್ನಿಸುತ್ತದೆ. ಕಾರನ್ನು ಬದಲಿಸುತ್ತ ಹೋದವರು 1930ರ ದಶಕದಲ್ಲಿ ಗೆಲ್ಲಲೆಂದು ಬದಲಿಸಿದರು. ಇಂದು ಗೋಡೆಗೆ ಬಡಿದ ಕಾರಿನ ಭಾಗ ಬದಲಿಸುವವರಿಗೆ ಆ ಸಮರ್ಥನೆ ಇಲ್ಲ. ಮಾರುಕಟ್ಟೆಯೂ ಈ ಭೇದವನ್ನು ಬಲ್ಲದು. ಫ್ಯಾಂಜಿಯೊ ಕಾಲದಲ್ಲಿ ಬಿದ್ದ ಪೆಟ್ಟಿಗೆ ಹರಾಜಿನ ಪುಸ್ತಕದಲ್ಲಿ ‘ಇತಿಹಾಸ’ ಎಂದು ಹೆಸರು. ಮೊನ್ನೆ ಬಿದ್ದ ಪೆಟ್ಟು ‘ಹಾನಿ’. ಹೀಗಾಗಿ ಮೊನ್ನೆಯ ಪೆಟ್ಟನ್ನು ಮುಚ್ಚಿಡುವ ಆಸೆ ಹುಟ್ಟುತ್ತದೆ, ಮತ್ತು ಕುಶಲ ಕೈಗಳು ಮುಚ್ಚಿಡಬಲ್ಲವು. ಅಪಘಾತಕ್ಕಿಂತ ದೊಡ್ಡ ನಷ್ಟ ಈ ಮುಚ್ಚಿಡುವಿಕೆಯಲ್ಲಿದೆ. ಯಾವ ಭಾಗ 1962ರದು, ಯಾವುದು 2012ರದು ಎಂದು ಮುಂದಿನ ತಲೆಮಾರಿಗೆ ತಿಳಿಯದೇ ಹೋದರೆ ಆ ಕಾರು ದಾಖಲೆಯಾಗಿ ಸತ್ತಂತೆ.

ಇದನ್ನು ತಡೆಯಲು ಇರುವ ಕಾಗದಗಳೂ ಅರೆಬರೆ. ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ ಹಳೆಯ ರೇಸ್ ಕಾರುಗಳಿಗೆ ತಾಂತ್ರಿಕ ಪಾಸ್‌ಪೋರ್ಟ್ ನೀಡುತ್ತದೆ. ಕಾರು ತನ್ನ ಕಾಲದ ವಿವರಣೆಗೆ ತಕ್ಕಂತಿದೆ ಎಂದಷ್ಟೇ ಅದು ಹೇಳುತ್ತದೆ. ಇದು ಮೂಲ ಕಾರೇ ಎಂದು ಹೇಳುವುದಿಲ್ಲ. ಹಾಗಾಗಿ ಹೊಸದಾಗಿ ಕಟ್ಟಿದ ಪ್ರತಿಗೂ ಅದು ಸಿಗಬಲ್ಲದು. ಫೆರಾರಿ ಕಂಪೆನಿಯ ಕ್ಲಾಸಿಕೆ ವಿಭಾಗ 2006ರಿಂದ ಅಧಿಕೃತತೆಯ ಪ್ರಮಾಣಪತ್ರ ಕೊಡುತ್ತಿದೆ. ಪ್ರಮಾಣಪತ್ರ ಕೊಡುವವರೂ ಅವರೇ, ದುರಸ್ತಿ ಮಾಡಿ ಹಣ ಪಡೆಯುವವರೂ ಅವರೇ ಎಂಬುದು ಮಾತ್ರ ಯಾಕೋ ಸರಿಕಾಣುವುದಿಲ್ಲ.

ಪ್ರತಿಗಳ ಕಾಲ

ಮೂಲವನ್ನು ಉಳಿಸಿ ಪ್ರತಿಯನ್ನು ಓಡಿಸುವುದು ಒಂದು ಹಾದಿ. ಬೆಂಟ್ಲಿ ಕಂಪೆನಿ ತನ್ನ ಬಳಿಯಿದ್ದ 1929ರ ‘ಬ್ಲೋವರ್’ ರೇಸ್ ಕಾರನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಲೇಸರ್‌ನಿಂದ ಅಳೆದು, ಒಂದು ಪರೀಕ್ಷಾ ಕಾರು ಹಾಗೂ ಮಾರಾಟಕ್ಕೆ ಹನ್ನೆರಡು ಕಾರುಗಳನ್ನು ಹೊಸದಾಗಿ ಕಟ್ಟಿತು. ಜಾಗ್ವಾರ್ 2014ರಿಂದೀಚೆಗೆ ಇ-ಟೈಪ್, ಡಿ-ಟೈಪ್‌ಗಳ ಇಂಥ ಪ್ರತಿಗಳನ್ನು ಮಾಡಿತು. ಅರ್ಜೆಂಟೀನಾದ ಪುರ್ ಸಾಂಗ್ ಎಂಬ ಕಾರ್ಯಾಗಾರ ಬುಗಾಟಿ 35ರ ಪ್ರತಿಗಳನ್ನು ಎಷ್ಟು ನಿಷ್ಠೆಯಿಂದ ಮಾಡುತ್ತದೆಂದರೆ ಪಳಗಿದ ಕಣ್ಣುಗಳೂ ತಡವರಿಸುತ್ತವೆ. ಎಲ್ಲರೂ ಪ್ರತಿಗಳನ್ನು ಒಪ್ಪುವುದಿಲ್ಲ. 2019ರಲ್ಲಿ ಇಟಲಿಯ ಬೊಲೊನ್ಯಾದ ನ್ಯಾಯಾಲಯ 250 ಜಿಟಿಒ ಒಂದು ಕಲಾಕೃತಿ ಎಂದು ಪರಿಗಣಿಸಿ, ಅದರ ವಿನ್ಯಾಸವನ್ನು ಅನುಮತಿಯಿಲ್ಲದೆ ನಕಲು ಮಾಡದಂತೆ ರಕ್ಷಣೆ ನೀಡಿತು.

ಇನ್ನೊಂದು ಹಾದಿ ನಿವೃತ್ತಿ. 1955ರ ಮಿಲ್ಲೆ ಮಿಲ್ಯಾ ಓಟದಲ್ಲಿ ಸಾವಿರ ಮೈಲಿಯ ಸಾರ್ವಜನಿಕ ರಸ್ತೆಗಳನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಕ್ರಮಿಸಿ ಸ್ಟರ್ಲಿಂಗ್ ಮಾಸ್ ಗೆದ್ದ 722 ಸಂಖ್ಯೆಯ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರನ್ನು ಕಂಪೆನಿ ದಶಕಗಳ ಕಾಲ ಉತ್ಸವಗಳಲ್ಲಿ ಓಡಿಸಿತು. ಮಾಸ್ 2020ರಲ್ಲಿ ತೀರಿಕೊಂಡರು. 2024ರಲ್ಲಿ ಲಂಡನ್ನಿನ ಬೀದಿಗಳಲ್ಲಿ ಬೆಳಗಿನ ಜಾವ ಕೊನೆಯ ಬಾರಿಗೆ ಅದನ್ನು ಓಡಿಸಿ, ಸಂಗ್ರಹಾಲಯಕ್ಕೆ ಶಾಶ್ವತವಾಗಿ ಕಳುಹಿಸಲಾಯಿತು.

ಮಾಸ್ ಅವರ ವಿಷಯದಲ್ಲಿ ಇನ್ನೊಂದನ್ನು ಹೇಳಬೇಕು. ವೃತ್ತಿಪರ ಜೀವನ 1962ರ ಗುಡ್‌ವುಡ್ ಅಪಘಾತದಲ್ಲಿ ಮುಗಿದರೂ ಅವರು ಇಳಿವಯಸ್ಸಿನಲ್ಲಿ ಹಳೆಯ ಕಾರುಗಳ ಸ್ಪರ್ಧೆಯಲ್ಲಿ ಭಾಗವಹಿಸುತ್ತಿದ್ದರು. 2011ರ ಜೂನ್‌ನಲ್ಲಿ, 81ನೆಯ ವಯಸ್ಸಿನಲ್ಲಿ, ಲ ಮಾನ್‌ನಲ್ಲಿ ತಮ್ಮ ಪೋರ್ಷೆ ಓಡಿಸುತ್ತಿದ್ದಾಗ ಒಮ್ಮೆ ತಮಗೇ ಭಯವಾಯಿತು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು. ಆ ವಿವೇಕ ಎಲ್ಲರಿಗೂ ದಕ್ಕುವುದಿಲ್ಲ. 2000ದ ಗುಡ್‌ವುಡ್ ಉತ್ಸವದಲ್ಲಿ ಲೋಟಸ್ 63 ಕಾರು ಹತೋಟಿ ತಪ್ಪಿ ಅದರ ಮಾಲೀಕರಾದ ಚಾಲಕರಷ್ಟೇ ಅಲ್ಲ, ರಸ್ತೆ ಬದಿ ಸ್ವಯಂಸೇವಕರಾಗಿ ನಿಂತಿದ್ದ ಮಾರ್ಷಲ್ ಒಬ್ಬರೂ ಸತ್ತರು. ಕಾರಿನ ಬೆಲೆಯ ಚರ್ಚೆಯಲ್ಲಿ ಇಂಥವರ ಹೆಸರು ಬರುವುದು ಅಪರೂಪ. ಮಾಲೀಕನಿಗೆ ತನ್ನ ಕಾರನ್ನು ಗೋಡೆಗೆ ಗುದ್ದುವ ಹಕ್ಕು ಇದೆ ಎಂದೇ ಇಟ್ಟುಕೊಳ್ಳೋಣ. ಗೋಡೆಯ ಪಕ್ಕ ಧ್ವಜ ಹಿಡಿದು ನಿಂತವನ ಮೇಲೆ ಯಾವ ಹಕ್ಕು?

ಈ ಎರಡೂ ತುದಿಗಳ ನಡುವೆ ನಡೆದವರು ಅಮೆರಿಕದ ಫಿಲಡೆಲ್ಫಿಯಾದ ನರಶಸ್ತ್ರಚಿಕಿತ್ಸಕ ಫ್ರೆಡರಿಕ್ ಸಿಮಿಯೋನ್. ಅವರು ತಮ್ಮ ಸಂಗ್ರಹವನ್ನು ಸಂಗ್ರಹಾಲಯವಾಗಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅವರ ಬಳಿಯಿದ್ದ 1964ರ ಕೋಬ್ರಾ ಡೇಟೋನಾ ಕೂಪೆ 2014ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿದ ಮೊತ್ತಮೊದಲ ಕಾರು. ಅದಕ್ಕೆ ಹೊಸ ಬಣ್ಣ ಬಳಿದು ಮಿಂಚಿಸಲು ಅವರು ಒಪ್ಪಲಿಲ್ಲ. ಗೀರು, ಕಲೆಗಳೂ ದಾಖಲೆಯೇ ಎಂಬುದು ಅವರ ನಿಲುವಾಗಿತ್ತು. ಆದರೆ ಕಾರುಗಳನ್ನು ಸತ್ತ ವಸ್ತುಗಳಂತೆಯೂ ಇಡಲಿಲ್ಲ. ಸಂಗ್ರಹಾಲಯದ ಹಿಂದಿನ ಬಯಲಿನಲ್ಲಿ ಗೊತ್ತಾದ ದಿನಗಳಲ್ಲಿ ಅವುಗಳನ್ನು ಚಾಲೂ ಮಾಡಿ, ಓಡಿಸಿ, ಜನರಿಗೆ ತೋರಿಸುವ ಪದ್ಧತಿ ಹಾಕಿದರು. ಅವರು 2022ರಲ್ಲಿ ತೀರಿಕೊಂಡರು. ಒಂದೇ ಒಂದು ಉಳಿದಿರುವ, ಅಥವಾ ಮಹತ್ವದ ಓಟ ಗೆದ್ದ ಕಾರುಗಳ ಮಟ್ಟಿಗಾದರೂ ಇದೇ ಸರಿಯಾದ ಕ್ರಮ. ಅವು ಓಡಲಿ, ಪೈಪೋಟಿ ಮಾಡುವುದು ಬೇಡ. ಪೈಪೋಟಿ ಪ್ರತಿಗಳಿಗಿರಲಿ.

ನಮ್ಮ ನಿಯಮ ಏನು ಹೇಳುತ್ತದೆ?

ನಮ್ಮಲ್ಲಿ ಜಿಟಿಒಗಳಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿ ಬದಿಯ ‘ಪಯಣ’ದಲ್ಲಿ ಹಳೆಯ ಕಾರುಗಳ ಸಾಲೇ ಇದೆ, ಬೆಂಗಳೂರಿನ ಹವ್ಯಾಸಿಗಳು ಆಗಾಗ ಮೆರವಣಿಗೆ ಹೊರಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮನೆತನದ, ಸಂಸ್ಥಾನದ ಕಾರುಗಳು. ಆದರೆ ಕಾನೂನು ಎಲ್ಲಕ್ಕೂ ಒಂದೇ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ ‘ವಿಂಟೇಜ್’ ಎನ್ನಿಸಿಕೊಳ್ಳಬಹುದು. ಅದಕ್ಕೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯಾಫಲಕ ಸಿಗುತ್ತದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷ ಮಾನ್ಯತೆ. ನಿತ್ಯದ ಓಡಾಟಕ್ಕೆ, ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇವಿಷ್ಟಕ್ಕೆ ರಸ್ತೆಗಿಳಿಸಬಹುದು. ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ನೀತಿಯ ನಡುವೆ ಇದು ಸ್ವಾಗತಾರ್ಹ ರಕ್ಷಣೆ.

ತೊಡಕು ಇರುವುದು ವ್ಯಾಖ್ಯೆಯಲ್ಲಿ. ವಾಹನ ಮೂಲರೂಪದಲ್ಲೇ ಇರಬೇಕು. ಚಾಸಿ, ಮೈಕವಚ, ಎಂಜಿನ್ ಇವುಗಳ ಮಾರ್ಪಾಟು ಸೇರಿದಂತೆ ಗಣನೀಯ ಬದಲಾವಣೆಗೆ ಒಳಗಾಗಿರಬಾರದು ಎಂದು ನಿಯಮ ಹೇಳುತ್ತದೆ. ಈ ಅಳತೆಗೋಲಿನಲ್ಲಿ ಎರಡು ಬಾರಿ ಲ ಮಾನ್ ಗೆದ್ದ ‘ಓಲ್ಡ್ ನಂಬರ್ ಒನ್’ ವಿಂಟೇಜ್ ಅಲ್ಲ. ಒಂದೇ ಋತುವಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೆರೆದ ಚಕ್ರದ ಮೈ, ಮೊಂಜಾದಲ್ಲಿ ಮುಚ್ಚಿದ ಮೈ ತೊಟ್ಟು ಓಡಿದ, 5.1 ಕೋಟಿ ಯೂರೋದ ಮರ್ಸಿಡಿಸ್ಸೂ ಅನುಮಾನಕ್ಕೆ ಒಳಗಾಗುತ್ತದೆ. ಅಷ್ಟು ದೂರವೇಕೆ? ಮೂಲ ಭಾಗ ಸಿಗದೆ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ದೊರೆತ ಎಂಜಿನ್ ಕೂರಿಸಿ, ಲೇತ್‌ನಲ್ಲಿ ಪಿಸ್ಟನ್ ಕಡೆಸಿ ಅಜ್ಜನ ಕಾರನ್ನು ಜೀವಂತವಾಗಿಟ್ಟ ಮಗ, ಮೊಮ್ಮಗ ಏನು ಮಾಡಬೇಕು? ಆಮದು ಬಾಗಿಲು ಬಹುಕಾಲ ಮುಚ್ಚಿದ್ದ ದೇಶದಲ್ಲಿ ಹಳೆಯ ಕಾರು ಉಳಿದದ್ದೇ ಇಂಥ ಹೊಂದಾಣಿಕೆಯಿಂದ. ನಿಯಮದ ಪ್ರಕಾರ ಅರ್ಜಿಗಳನ್ನು ಪರಿಶೀಲಿಸಬೇಕಾದ ರಾಜ್ಯ ಸಮಿತಿ ಆ ಎಂಜಿನ್ನಿನ ಸಂಖ್ಯೆಯನ್ನಷ್ಟೇ ನೋಡಿ ಅರ್ಜಿ ತಿರಸ್ಕರಿಸುವ ಬದಲು, ಯಾವ ಭಾಗ ಯಾವಾಗ ಏಕೆ ಬದಲಾಯಿತು ಎಂಬ ಟಿಪ್ಪಣಿಯನ್ನು ಮಾಲೀಕರಿಂದ ಬರೆಸಿ ಕಡತಕ್ಕೆ ಸೇರಿಸಿಕೊಳ್ಳಬಹುದು. ಆ ಟಿಪ್ಪಣಿಗೆ ಈಗ ಅರ್ಜಿಯಲ್ಲೊಂದು ಜಾಗವಾದರೂ ಬೇಕು.